ಗಾದಿ ಏರಿದ ಮೇಲೆ ವೀಣೆ ಹಿಡಿದ ಮಹಾರಾಜರು

ದಾವಣಗೆರೆಯಿಂದ ಹಳೇ ಪಿ.ಬಿ. ರಸ್ತೆ ಹಿಡಿದು ಹೊರಟರೆ ಮೊದಲು ಬಾತಿ, ಆಮೇಲೆ ಹರಿಹರ, ಆಮೇಲೆ ತುಂಗಭದ್ರೆ ಸೇತುವೆ. ಈಗಿನ ಹುಡುಗರಿಗೆ ಅದು ಬರೀ ಸೇತುವೆ. ಆದರೆ 1956ರ ನವೆಂಬರ್ 1ರ ತನಕ ಅದು ಗಡಿ. ಈಚೆ ದಡ ಮೈಸೂರಿನದ್ದು, ಆಚೆ ರಾಣೆಬೆನ್ನೂರು ಕಡೆ ದಡ ಮುಂಬಯಿ ಸರ್ಕಾರದ್ದು. ನಮ್ಮ ದಾವಣಗೆರೆ, ಹರಿಹರ ಆಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು.

ಸಂಗೀತಕ್ಕೂ ಹೆಚ್ಚುಕಡಿಮೆ ಇದೇ ಹೊಳೆ ಗಡಿ. ಆಚೆ ಧಾರವಾಡ, ಗದಗ ಕಡೆ ಹಿಂದೂಸ್ತಾನಿ. ಈಚೆ ಮೈಸೂರು ಕಡೆ ಕರ್ನಾಟಕ ಸಂಗೀತ, ವೀಣೆ. ನಡುವೆ ಇರೋ ನಮಗೆ ಎರಡೂ ಕಿವಿಗೆ ಬಿದ್ದಿದೆ. ಆದರೆ ಕೈಗೆ ಸಿಕ್ಕಿದ್ದು ಮಾತ್ರ ಹೆಚ್ಚಾಗಿ ಹಾರ್ಮೋನಿಯಂ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ನಾಟಕ ಕಂಪನಿಗಳು ಬೆಳೆದ ಊರಲ್ಲಿ ಪೆಟ್ಟಿಗೆ ಇಲ್ಲದೆ ಹಾಡು ಎಲ್ಲಿ? ಭಜನೆ ಮೇಳದಲ್ಲೂ ಅದೇ, ಬಯಲಾಟದಲ್ಲೂ ಅದೇ.

ಇವತ್ತಿಗೂ ಅಂಗಡಿ ಬೀದಿಯಲ್ಲಿ ಸಂಗೀತದ ಮಾತು ಬಂದರೆ ಒಂದು ನಿಟ್ಟುಸಿರು ಕೇಳೋದು ಮಾಮೂಲು. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲೀಬೇಕು ಅಂತಿತ್ತು, ಆಗ ಅಪ್ಪ ಬಿಡಲಿಲ್ಲ, ಈಗ ವ್ಯಾಪಾರ ಬಿಡ್ತಿಲ್ಲ, ಇನ್ನು ಬೆರಳು ಬಗ್ಗೋ ವಯಸ್ಸೂ ಅಲ್ಲ ಅಂತ. ಅಂಥವರಿಗೆ ಈ ದಡದ ಕೊನೇ ಮಹಾರಾಜರ ಕಥೆ ಹೇಳಬೇಕು ಅನ್ನಿಸಿತು. ಜಯಚಾಮರಾಜೇಂದ್ರ ಒಡೆಯರ್ ಅಂದ್ರೆ ಹಳಬರಿಗೆ ದಸರಾ ಅಂಬಾರಿ ನೆನಪಾಗುತ್ತೆ. ಅವರು ರಾಜ್ಯದ ಭಾರ ತಲೆ ಮೇಲೆ ಬಿದ್ದ ಮೇಲೆ, ಒಂದು ಸಂಗೀತದಲ್ಲಿ ಪಳಗಿದ್ದ ಕೈಯನ್ನು ಪಕ್ಕಕ್ಕಿಟ್ಟು, ಇನ್ನೊಂದರಲ್ಲಿ ಹೊಸದಾಗಿ ಪಾಠಕ್ಕೆ ಕೂತವರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಮೂವರು ಹೆಣ್ಣುಮಕ್ಕಳ ಜೊತೆ ಒಬ್ಬನೇ ಗಂಡುಮಗ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಗಾದಿ ಮೊದಲು ತಮ್ಮನಿಗೆ, ಆಮೇಲೆ ತಮ್ಮನ ಮಗನಿಗೆ ಅನ್ನೋದು ಎಲ್ಲರ ಲೆಕ್ಕ. ಆ ಲೆಕ್ಕದ ಪ್ರಕಾರ ಈ ಹುಡುಗನ ಸರದಿ ಬರೋಕೆ ಇನ್ನೂ ಬಹಳ ವರ್ಷ ಇತ್ತು.

ಅರಮನೆಯಲ್ಲಿ ಸಂಗೀತಕ್ಕೆ ಬರ ಇರಲಿಲ್ಲ. ನಾಲ್ವಡಿಯವರೇ ವೀಣೆ, ಪಿಟೀಲು, ಕೊಳಲು, ಸಿತಾರ್, ಪಿಯಾನೋ ಅಂತ ಎಂಟು ವಾದ್ಯ ಬಲ್ಲವರು. ಆಸ್ಥಾನದಲ್ಲಿ ವಿದ್ವಾಂಸರ ದಂಡೇ ಇತ್ತು. ಕರ್ನಾಟಕ ವಾದ್ಯಗಳ ತಂಡ ಬೇರೆ, ಇಂಗ್ಲಿಷ್ ಬ್ಯಾಂಡು ಬೇರೆ. ಅಷ್ಟೆಲ್ಲ ಇದ್ದರೂ ಹುಡುಗನ ಮನಸ್ಸು ಹೋಗಿದ್ದು ಪಿಯಾನೋ ಕಡೆಗೆ. ಮನೆಯಂಗಳದಲ್ಲೇ ವೀಣೆ ಇಟ್ಟುಕೊಂಡು ಸಮುದ್ರದಾಚೆಯ ವಾದ್ಯಕ್ಕೆ ಮರುಳಾದ ಹಾಗೆ. ಇದನ್ನು ತಪ್ಪು ಅನ್ನೋಕಾಗಲ್ಲ. ಮನೆಯ ಊಟಕ್ಕಿಂತ ಪರವೂರ ಊಟ ರುಚಿ ಅನ್ನಿಸೋದು ಎಲ್ಲ ಹುಡುಗರಿಗೂ ಇದ್ದದ್ದೇ.

ಆದರೆ ಇದು ಹುಡುಗಾಟದ ಶೋಕಿ ಆಗಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಿಂದ 1938ರಲ್ಲಿ ಪದವಿ ಮುಗಿಸಿದರು, ಚಿನ್ನದ ಪದಕಗಳ ಸಮೇತ. 1939ರಲ್ಲಿ ಯೂರೋಪ್ ಪ್ರವಾಸ ಹೋಗಿ ಅಲ್ಲಿನ ಸಂಗೀತ ಲೋಕವನ್ನು ಹತ್ತಿರದಿಂದ ಕಂಡು ಬಂದರು. ಕಚೇರಿ ನುಡಿಸುವ ಪಿಯಾನೋ ಕಲಾವಿದ ಆಗಬೇಕು ಅನ್ನೋದು ಅವರ ಆಸೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಡಿಪ್ಲೊಮಾ ಅವರ ಹೆಸರಿಗಿತ್ತು. ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಗೌರವ ಫೆಲೋ ಅಂತಲೂ ಮಾನ್ಯ ಮಾಡಿತು.

1940ರಲ್ಲಿ ಲೆಕ್ಕ ತಲೆಕೆಳಗಾಯಿತು. ಮಾರ್ಚ್ 11ರಂದು ಮುಂಬಯಿಯಲ್ಲಿ ತಂದೆ ತೀರಿಕೊಂಡರು. ಐದು ತಿಂಗಳು ತುಂಬೋದರೊಳಗೆ, ಆಗಸ್ಟ್ 3ಕ್ಕೆ ದೊಡ್ಡಪ್ಪ ನಾಲ್ವಡಿಯವರೂ ಹೋದರು. ಸೆಪ್ಟೆಂಬರ್ 8ಕ್ಕೆ ಪಟ್ಟಾಭಿಷೇಕ. ಹುಡುಗನಿಗೆ ಆಗ ಇಪ್ಪತ್ತೊಂದು ವರ್ಷ. ಹೊರಗೆ ಎರಡನೇ ಮಹಾಯುದ್ಧ. ಅಪ್ಪ ಸತ್ತು ಓದು ಅರ್ಧಕ್ಕೇ ಬಿಟ್ಟು ಗಲ್ಲಾ ಪೆಟ್ಟಿಗೆ ಮುಂದೆ ಕೂತ ಮಕ್ಕಳು ನಮ್ಮ ಪೇಟೆಯಲ್ಲೂ ಕಡಿಮೆ ಇಲ್ಲ. ಅವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಂಗಡಿ ದೊಡ್ಡದು, ಅಷ್ಟೇ ವ್ಯತ್ಯಾಸ. ವಿದೇಶಕ್ಕೆ ಹೋಗಿ ಪಿಯಾನೋ ನುಡಿಸೋ ಬದುಕು ಅಲ್ಲಿಗೆ ಮುಗಿಯಿತು.

ವೀಣೆ ಬಂದಿದ್ದು ಇದಾದ ಮೇಲೆ. 1942ರಲ್ಲಿ ತ್ರಿಪುರಸುಂದರಿ ಅಮ್ಮಣ್ಣಿಯವರ ಜೊತೆ ಮದುವೆಯಾಯಿತು. ಆ ಹೊತ್ತಿನಿಂದಲೇ ಅವರ ಮನಸ್ಸು ಕರ್ನಾಟಕ ಸಂಗೀತದ ಕಡೆ ಹೊರಳಿತು. ವೀಣೆ ಪಾಠಕ್ಕೆ ಗುರುಗಳಾಗಿ ಸಿಕ್ಕವರು ಆಸ್ಥಾನ ವಿದ್ವಾನ್ ವೆಂಕಟಗಿರಿಯಪ್ಪನವರು. ಹೆಗ್ಗಡದೇವನಕೋಟೆ ಮೂಲದವರು, ಮೈಸೂರು ವೀಣೆಗೆ ಹೆಸರು ತಂದ ವೀಣೆ ಶೇಷಣ್ಣನವರ ಶಿಷ್ಯರು. ನಾಲ್ವಡಿಯವರ ಕಾಲದಿಂದ ಅರಮನೆಯ ಕಲಾವಿದರು. ಅಂದ್ರೆ ಅರಮನೆಯ ಸಂಬಳದ ಮೇಲಿದ್ದವರ ಮುಂದೆ ಅರಮನೆಯ ಒಡೆಯರೇ ಶಿಷ್ಯರಾಗಿ ಕೂರಬೇಕಾಯಿತು.

ಇಲ್ಲಿ ವಾದ್ಯದ ವಿಷಯ ಸ್ವಲ್ಪ ಹೇಳಲೇಬೇಕು. ಇಲ್ಲಾಂದ್ರೆ ಪಿಯಾನೋ ಬಂದವರಿಗೆ ವೀಣೆ ಏನು ಮಹಾ ಅನ್ನಿಸಿಬಿಡುತ್ತೆ.

ನಮಗೆ ಪಿಯಾನೋ ಅಷ್ಟು ಪರಿಚಯ ಇಲ್ಲ. ಹಾರ್ಮೋನಿಯಂ ಮುಂದೆ ಇಟ್ಟುಕೊಳ್ಳೋಣ. ಕರಿ ಮನೆ, ಬಿಳಿ ಮನೆ ಎರಡರಲ್ಲೂ ಒಂದೇ ಥರ. ಒಂದು ಸ್ಥಾಯಿಗೆ ಹನ್ನೆರಡು ಮನೆ. ಒಂದು ಮನೆ ಒತ್ತಿದರೆ ಒಂದು ಸ್ವರ, ಅದು ಅಲ್ಲೇ ನಿಂತಿರುತ್ತೆ. ಪಕ್ಕದ ಸ್ವರ ಬೇಕಾದ್ರೆ ಬೆರಳು ಎತ್ತಿ ಪಕ್ಕದ ಮನೆಗೆ ಹೋಗಬೇಕು. ಎರಡು ಮನೆಗಳ ನಡುವೆ ಓಣಿ ಇಲ್ಲ. ನಮ್ಮ ಸಂಗೀತ ಬದುಕಿರೋದೇ ಆ ಓಣಿಯಲ್ಲಿ. ಸ್ವರ ತೂಗಬೇಕು, ಜಾರಬೇಕು, ನಡುಗಬೇಕು. ಅದಕ್ಕೇ ಗಮಕ ಅಂತಾರೆ. ಗಮಕ ತೆಗೆದರೆ ತೋಡಿಯೂ ಇಲ್ಲ, ಅಠಾಣವೂ ಇಲ್ಲ. ಇದೇ ಕಾರಣ ಮುಂದಿಟ್ಟು ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿದರು. ಅದು ಸಡಿಲ ಆಗೋಕೆ ಮೂರು ದಶಕ ಹಿಡಿಯಿತು. ನಮ್ಮ ನಾಟಕ ಕಂಪನಿಗಳು ಮಾತ್ರ ಅದಕ್ಕೆ ಕಿವಿಗೊಡದೆ ಪೆಟ್ಟಿಗೆ ನುಡಿಸುತ್ತಲೇ ಇದ್ದವು ಅನ್ನೋದು ಬೇರೆ ಮಾತು.

ಈಗ ವೀಣೆಗೆ ಬನ್ನಿ. ಅದರಲ್ಲಿ 24 ಮೆಟ್ಟು, ಅಂದ್ರೆ ಒಂದು ಸ್ಥಾಯಿಗೆ ಹನ್ನೆರಡು. ಲೆಕ್ಕ ಪಿಯಾನೋದ್ದೇ. ಲೋಹದ ಆ ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸಿರ್ತಾರೆ. ನುಡಿಸೋಕೆ ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು. ಕಾಗದದ ಮೇಲೆ ನೋಡಿದರೆ ಪಿಯಾನೋ ಬಲ್ಲವನಿಗೆ ಸಲೀಸು ಅನ್ನಿಸಬೇಕು. ಆದರೆ ವೀಣೆಯಲ್ಲಿ ಮೆಟ್ಟಿನ ಮೇಲೆ ಬೆರಳಿಟ್ಟು ಮೀಟಿದರೆ ಕೆಲಸ ಮುಗಿಯಲ್ಲ, ಅಲ್ಲಿಂದ ಶುರುವಾಗುತ್ತೆ. ತಂತಿಯನ್ನು ಅಡ್ಡಕ್ಕೆ ಎಳೀಬೇಕು. ಎಷ್ಟು ಎಳೆದರೆ ಯಾವ ಸ್ವರ ಅನ್ನೋದಕ್ಕೆ ಗುರುತು ಎಲ್ಲೂ ಹಾಕಿಲ್ಲ. ಕಿವಿ ಹೇಳಬೇಕು, ಬೆರಳು ಕೇಳಬೇಕು. ಒಂದು ಕೂದಲೆಳೆ ಹೆಚ್ಚಾದರೆ ಅಪಸ್ವರ, ಕಡಿಮೆಯಾದರೂ ಅಪಸ್ವರ.

ಅದರ ಜೊತೆಗೆ ನೋವು. ಎಡಗೈ ತೋರುಬೆರಳು, ನಡುಬೆರಳು ತಂತಿ ಕೊಯ್ದು ಗೆರೆ ಬೀಳುತ್ತೆ, ಉರಿಯುತ್ತೆ. ಬರ್ತಾ ಬರ್ತಾ ಚರ್ಮ ಗಟ್ಟಿಯಾಗಿ ಕಾಯಿ ಕಟ್ಟುತ್ತೆ. ಪಿಯಾನೋದ ಮನೆಗಳು ನುಣುಪು, ಅಲ್ಲಿ ಈ ಕಷ್ಟ ಇಲ್ಲ. ಅದಕ್ಕಿಂತ ದೊಡ್ಡ ಕಷ್ಟ ಅಭ್ಯಾಸ ಬಿಡೋದು. ವರ್ಷಗಟ್ಟಲೆ ಎತ್ತಿ ಇಡು, ಎತ್ತಿ ಇಡು ಅಂತ ಕಲಿತ ಬೆರಳಿಗೆ ಈಗ ಎತ್ತಬೇಡ, ಎಳಿ ಅಂತ ಹೇಳಿಕೊಡಬೇಕು. ಏನೂ ಬರದ ಹುಡುಗನಿಗೆ ಕಲಿಸೋದಕ್ಕಿಂತ ಬೇರೇನೋ ಚೆನ್ನಾಗಿ ಬರೋ ದೊಡ್ಡವರಿಗೆ ಕಲಿಸೋದು ಕಷ್ಟ ಅಂತ ಸಂಗೀತದ ಮೇಷ್ಟ್ರುಗಳು ಹೇಳೋದು ಸುಮ್ಮನೆ ಅಲ್ಲ.

ಇನ್ನೊಂದು ವ್ಯತ್ಯಾಸ. ಪಿಯಾನೋ ಪಾಠ ನಡೆಯೋದು ಬರೆದಿಟ್ಟ ಸ್ವರಲಿಪಿಯ ಮೇಲೆ. ಪುಸ್ತಕ ಎದುರಿಗಿದ್ದರೆ ಗುರು ಊರಲ್ಲಿಲ್ಲದಿದ್ದರೂ ನಡೆದೀತು. ವೀಣೆ ಪಾಠ ಗುರುವಿನ ಕೈ ನೋಡಿ, ಗುರುವಿನ ನಾದ ಕೇಳಿ. ಗುರು ಎಳೆದ ಹಾಗೆ ಎಳಿಯೋಕೆ ಬರೋ ತನಕ ಮುಂದಿನ ಸಾಲಿಲ್ಲ. ಮಹಾರಾಜರು ಅಂತ ತಂತಿ ಸಡಿಲ ಬಿಡಲ್ಲ.

ಅವರಿಗೇನಪ್ಪ, ಗುರುಗಳು ಮನೆ ಬಾಗಿಲಿಗೇ ಬರ್ತಿದ್ದರು, ಹೊಟ್ಟೆಪಾಡಿನ ಚಿಂತೆ ಇಲ್ಲ, ಬೇಕಾದಷ್ಟು ಆಳುಕಾಳು ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸೋ ಮನುಷ್ಯನಿಗೂ ಅರಮನೆಯವರಿಗೂ ಹೋಲಿಕೆ ಇಲ್ಲ. ಆದರೆ ಅವರು ವೀಣೆ ಹಿಡಿದ ವರ್ಷಗಳು ಹೂವಿನ ಹಾಸಿಗೆಯೂ ಆಗಿರಲಿಲ್ಲ. ಆ ವರ್ಷಗಳಲ್ಲಿ ಅವರ ಹೆಸರಿನ ಆಡಳಿತ ಮಾಡಿದ್ದೆಲ್ಲ ನಮಗೆ ಹೂವಾಗಿರಲಿಲ್ಲ ಅನ್ನೋದನ್ನೂ ಮರೆಯೋ ಹಾಗಿಲ್ಲ.

1942ರ ಕ್ವಿಟ್ ಇಂಡಿಯಾ ಚಳವಳಿ ನಮ್ಮ ಊರಲ್ಲಿ ಎಷ್ಟು ಜೋರಾಗಿತ್ತು ಅಂತ ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ. ದಾವಣಗೆರೆಯಲ್ಲಿ ಗೋಲಿಬಾರ್ ಆಗಿ ನಮ್ಮ ಜನ ಸತ್ತರು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಊರೇ ಸ್ವತಂತ್ರ ಅಂತ ಸಾರಿದರು. ಆ ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಕೊನೆಗೆ 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಿದರು. ಗಾದಿಯ ಮೇಲೆ ಇದ್ದವರು ಇದೇ ಮಹಾರಾಜರು. ಅವರನ್ನು ಉಳಿಸಬಹುದಿತ್ತು ಅನ್ನೋ ನೋವು ಈ ಭಾಗದ ಜನರಿಗೆ ಇವತ್ತಿಗೂ ಇದೆ. ದಿವಾನರು, ಬ್ರಿಟಿಷ್ ರೆಸಿಡೆಂಟರು, ಯುದ್ಧದ ಒತ್ತಡ ಅಂತ ಏನೇ ಕಾರಣ ಕೊಟ್ಟರೂ ಆ ಐದು ಜೀವ ವಾಪಸ್ ಬರಲ್ಲ. ವೀಣೆ ಕಲಿತದ್ದಕ್ಕೆ ಇದನ್ನು ಮಾಫಿ ಮಾಡೋಕಾಗಲ್ಲ. ಇದಾಯ್ತು ಅಂತ ಆ ವೀಣೆಯನ್ನು ಇಲ್ಲ ಅನ್ನೋಕೂ ಆಗಲ್ಲ. ಒಬ್ಬರೇ ಮನುಷ್ಯರ ಲೆಕ್ಕದ ಪುಸ್ತಕದಲ್ಲಿ ಎರಡೂ ಬರೆದಿವೆ.

ವೆಂಕಟಗಿರಿಯಪ್ಪನವರ ಜೊತೆಗೆ ಇನ್ನೊಬ್ಬ ಗುರುಗಳು ಮೈಸೂರು ವಾಸುದೇವಾಚಾರ್ಯರು. ಅವರು ಹುಟ್ಟಿದ್ದು 1865ರಲ್ಲಿ. ಈ ಶಿಷ್ಯನಿಗೆ ಕೃತಿ ಕಟ್ಟೋ ಗುಟ್ಟು ಹೇಳಿಕೊಡುವ ಹೊತ್ತಿಗೆ ಅವರಿಗೆ ಎಂಬತ್ತರ ಹತ್ತಿರ. ವಾಸುದೇವಾಚಾರ್ಯರು ಹುಡುಗರಾಗಿದ್ದಾಗ ಅವರನ್ನು ತಿರುವಯ್ಯಾರಿನ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಲಿಯೋಕೆ ಕಳಿಸಿ ಖರ್ಚು ನೋಡಿಕೊಂಡದ್ದು ಯಾರು ಗೊತ್ತಾ? ಚಾಮರಾಜೇಂದ್ರ ಒಡೆಯರು, ಅಂದ್ರೆ ಜಯಚಾಮರಾಜರ ಅಜ್ಜ. ಅಜ್ಜ ಹಾಕಿದ ಬಂಡವಾಳ ಎರಡು ತಲೆಮಾರು ದಾಟಿ ಮೊಮ್ಮಗನ ಖಾತೆಗೆ ಬಡ್ಡಿ ಸಮೇತ ಬಂತು.

ಇದೇ ಸಮಯಕ್ಕೆ ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾ ಉಪಾಸನೆಯ ದೀಕ್ಷೆಯೂ ಆಯಿತು. ಇವರು ಕಲ್ಲು ಕೆತ್ತುವ ಶಿಲ್ಪಿ, ಜೊತೆಗೆ ಅಧ್ಯಾತ್ಮದ ಗುರು. ಮೈಸೂರು ಕೋಟೆಯೊಳಗಿನ ಭುವನೇಶ್ವರಿ ದೇವಸ್ಥಾನ, ಗಾಯತ್ರಿ ದೇವಸ್ಥಾನ, ರಾಮಾನುಜ ರಸ್ತೆಯ ಕಾಮಕಾಮೇಶ್ವರಿ ದೇವಸ್ಥಾನ ಈ ಗುರುಶಿಷ್ಯರ ಕಾಲದ್ದೇ. ದಸರೆಗೆ ಹೋದವರು ಕೋಟೆ ಬಾಗಿಲಲ್ಲಿ ನುಗ್ಗಾಡಿಕೊಂಡು ಒಳಗೆ ಹೋಗ್ತಾರೆ, ಆದ್ರೆ ಈ ಗುಡಿಗಳನ್ನು ಯಾವ ಮಹಾರಾಜರು ಕಟ್ಟಿಸಿದ್ದು ಅಂತ ಕೇಳೋದು ಕಡಿಮೆ.

ವೀಣೆ, ವಾಸುದೇವಾಚಾರ್ಯರ ಪಾಠ, ದೇವಿಯ ಉಪಾಸನೆ ಮೂರೂ ಕೂಡಿ ಬಂದಿದ್ದು ಕೃತಿಗಳಾಗಿ. 1940ರ ದಶಕದ ನಡುವಿನ ಕೆಲವೇ ವರ್ಷಗಳಲ್ಲಿ ಅವರು ರಚಿಸಿದ್ದು 94 ಕೃತಿ. ಎಲ್ಲವೂ ಸಂಸ್ಕೃತದಲ್ಲಿ. ಎಲ್ಲಕ್ಕೂ ಬೇರೆ ಬೇರೆ ರಾಗ, ಒಂದು ರಾಗದಲ್ಲಿ ಎರಡು ಅನ್ನೋ ಮಾತಿಲ್ಲ. ಕೆಲವು ರಾಗಗಳಲ್ಲಿ ಇವರಿಗಿಂತ ಮೊದಲು ಯಾರೂ ಕೃತಿ ಕಟ್ಟಿರಲಿಲ್ಲ. ಹಾಡಿನ ಕೊನೆಗೆ ಕವಿಯ ಗುರುತು ಹಾಕೋದು ವಾಡಿಕೆ, ಅದಕ್ಕೆ ಅಂಕಿತ ಅಂತಾರೆ. ಇವರು ತಮ್ಮ ಹೆಸರು ಹಾಕಲಿಲ್ಲ. ಶ್ರೀವಿದ್ಯಾ ಅಂತ ಹಾಕಿದರು.

ವೀಣೆ ವಿದ್ವಾಂಸರಾಗಿ ಅವರು ದೊಡ್ಡ ಹೆಸರು ಮಾಡಿದರಾ? ಇಲ್ಲ. ಇದನ್ನು ಮುಚ್ಚಿಡೋದು ಬೇಡ. ಅದೇ ವೆಂಕಟಗಿರಿಯಪ್ಪನವರ ಇನ್ನೊಬ್ಬ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್. 1920ರಲ್ಲಿ ಹುಟ್ಟಿದವರು, ಮಹಾರಾಜರಿಗಿಂತ ಒಂದು ವರ್ಷ ಚಿಕ್ಕವರು. ಎಳವೆಯಿಂದಲೇ ವೀಣೆ ಹಿಡಿದವರು. ಮೈಸೂರು ವೀಣೆ ಅಂದ್ರೆ ದೇಶಕ್ಕೆಲ್ಲ ನೆನಪಾಗೋದು ಅವರ ನುಡಿಸಾಣಿಕೆ. ಎಂಟನೇ ವಯಸ್ಸಿನಲ್ಲಿ ಬಗ್ಗಿದ ಬೆರಳಿಗೂ ಇಪ್ಪತ್ಮೂರರಲ್ಲಿ ಬಗ್ಗಿಸಿದ ಬೆರಳಿಗೂ ವ್ಯತ್ಯಾಸ ಇದ್ದೇ ಇರುತ್ತೆ. ತಡವಾಗಿ ಕಲಿತ ವೀಣೆ ಮಹಾರಾಜರನ್ನು ವೇದಿಕೆಯ ವೈಣಿಕರನ್ನಾಗಿ ಮಾಡಲಿಲ್ಲ.

ಬೆರಳಿಗೆ ಪೂರ್ತಿ ಬರದೇ ಇದ್ದದ್ದು ಕಿವಿಗೆ ಬಂದಿತ್ತು ಅಂತ ನನ್ನ ಅನಿಸಿಕೆ. ಅವರ ಕೃತಿಗಳನ್ನು ನಿಧಾನಕ್ಕೆ ಕೇಳಿದರೆ ಅದು ಬಾಯಲ್ಲಿ ಹುಟ್ಟಿದ್ದಕ್ಕಿಂತ ತಂತಿಯ ಮೇಲೆ ಹುಟ್ಟಿದ ಹಾಗೆ ಕೇಳಿಸುತ್ತೆ. ಸ್ವರ ತೂಗಿ ತೂಗಿ ಹೋಗುತ್ತೆ, ಅವಸರ ಇಲ್ಲ. ಬಲ್ಲವರು ಇವರ ರಚನೆಯನ್ನು ಮುತ್ತುಸ್ವಾಮಿ ದೀಕ್ಷಿತರ ದಾರಿಗೆ ಹೋಲಿಸ್ತಾರೆ. ದೀಕ್ಷಿತರೂ ವೀಣೆ ನುಡಿಸಿದವರೇ, ಅವರೂ ಶ್ರೀವಿದ್ಯಾ ಉಪಾಸಕರೇ, ಅವರೂ ಬರೆದಿದ್ದು ಹೆಚ್ಚಾಗಿ ಸಂಸ್ಕೃತದಲ್ಲೇ. ಪಿಯಾನೋ ಮುಂದೆಯೇ ಕೂತಿದ್ದರೆ ಈ 94ರಲ್ಲಿ ಒಂದೂ ಬರ್ತಿರಲಿಲ್ಲ.

ಹಾಗಂತ ಪಿಯಾನೋ ಮೇಲಿನ ಪ್ರೀತಿ ಸತ್ತಿತ್ತಾ ಅಂದ್ರೆ ಅದೂ ಇಲ್ಲ. ಇದು ಅವರ ಬದುಕಿನ ವಿಚಿತ್ರ ಭಾಗ. ಇಲ್ಲಿ ವೀಣೆ, ದೇವಿ ಕೃತಿ ಅಂತ ಇದ್ದ ಕಾಲದಲ್ಲೇ ಅಲ್ಲಿ ಲಂಡನ್ನಿನಲ್ಲಿ ನಿಕೋಲಾಯ್ ಮೆಟ್ನರ್ ಅನ್ನೋ ರಷ್ಯಾದ ಸಂಗೀತಗಾರನ ಕೈ ಹಿಡಿದರು. ದೇಶ ಬಿಟ್ಟು ಬಂದು, ವಯಸ್ಸಾಗಿ, ಕಾಯಿಲೆ ಬಿದ್ದು, ಜನ ಮರೆತಿದ್ದ ಮನುಷ್ಯ. ಅವರ ರಚನೆಗಳನ್ನು ಅವರ ಕೈಯಲ್ಲೇ ನುಡಿಸಿ ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿಸೋಕೆ ಮೆಟ್ನರ್ ಸೊಸೈಟಿ ಅಂತ ಮಾಡಿ ಹಣ ಕೊಟ್ಟದ್ದು ಮೈಸೂರಿನ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಇವರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರೂ ಆ ಪ್ಲೇಟುಗಳು ಉಳಿದವು. ಇವತ್ತು ಆ ಸಂಗೀತ ಕೇಳೋ ಪರದೇಶದವರು ಮೈಸೂರು ಅನ್ನೋ ಹೆಸರನ್ನು ಅಲ್ಲೇ ಮೊದಲು ಓದೋದು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯೋ ಮುಂಚೆ ಬರೆದಿಟ್ಟ ಕೊನೆಯ ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಹಾಡಿಸಿದಾಗ ಅದರ ಖರ್ಚಿಗೆ ಹೊಣೆ ನಿಂತವರೂ ಇವರೇ.

ತಾನು ಆಗಬೇಕು ಅಂದುಕೊಂಡದ್ದು ಆಗಲಿಲ್ಲ, ಆಗಿರೋರಿಗಾದರೂ ನೆರವಾಗೋಣ ಅಂತ ಇರಬಹುದು. ಇದು ನನ್ನ ಊಹೆ ಅಷ್ಟೇ. ಆದರೆ ಓದಬೇಕು ಅಂತಿದ್ದು ಓದೋಕಾಗದೆ, ಆಮೇಲೆ ಊರ ಬಡ ಮಕ್ಕಳ ಫೀಸು ಕಟ್ಟೋ ವರ್ತಕರನ್ನು ಕಂಡವರಿಗೆ ಈ ಊಹೆ ತೀರಾ ದೂರದ್ದು ಅನ್ನಿಸಲ್ಲ.

ನಮ್ಮ ಭಾಗಕ್ಕೆ ಅವರ ಕಾಲದಲ್ಲಿ ಏನಾಯ್ತು ಅಂತ ಎರಡು ಮಾತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿದ್ದು 1941ರಲ್ಲಿ, ಅವರು ಪಟ್ಟಕ್ಕೆ ಬಂದ ಮರುವರ್ಷ. ಲೇತ್ ಮಷಿನ್ ಮಾಡೋ ಆ ಕಾರ್ಖಾನೆ ಎಷ್ಟು ಮನೆಗಳ ಒಲೆ ಉರಿಸಿತು, ಬಾಗಿಲು ಮುಚ್ಚಿದಾಗ ಎಷ್ಟು ಒಲೆ ಆರಿತು ಅಂತ ಹರಿಹರದವರಿಗೆ ಹೇಳಬೇಕಿಲ್ಲ. ಭದ್ರಾ ಅಣೆಕಟ್ಟಿನ ಕೆಲಸಕ್ಕೆ ಕೈ ಹಾಕಿದ್ದು 1947ರಲ್ಲಿ. ನಮ್ಮ ನಾಲೆಗೆ ನೀರು ಬಂದು ಭತ್ತದ ಗದ್ದೆಗಳಾಗಿದ್ದು ಅದರಿಂದ.

1947ರ ಆಗಸ್ಟ್‌ನಲ್ಲಿ ಭಾರತದ ಒಕ್ಕೂಟಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದರು. ಆದರೆ ಜನರ ಕೈಗೆ ಅಧಿಕಾರ ಬರಲಿಲ್ಲ. ಮೈಸೂರು ಚಲೋ ಚಳವಳಿ ಎದ್ದು, ಜನ ಜೈಲು ತುಂಬಿ, ಅಕ್ಟೋಬರ್ 24ಕ್ಕೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ತಾನಾಗೇ ಕೊಟ್ಟರು ಅನ್ನೋದಕ್ಕಿಂತ ಜನ ಕೇಳಿ ಪಡೆದರು ಅನ್ನೋದೇ ಸರಿ. ಕೊಟ್ಟ ಮೇಲೆ ಮಾತ್ರ ಹಿಂದೆ ತಿರುಗಿ ನೋಡಲಿಲ್ಲ. ರಾಜಪ್ರಮುಖರಾಗಿ 1956ರ ತನಕ ಇದ್ದರು. ಆ ವರ್ಷ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಗಿ ನಮ್ಮ ಹರಿಹರದ ಗಡಿ ಅಳಿಸಿ ಹೋಯಿತು. ಹೊಳೆಯ ಎರಡೂ ದಡ ಸೇರಿದ ಹೊಸ ರಾಜ್ಯಕ್ಕೆ ಮೊದಲ ರಾಜ್ಯಪಾಲರು ಅವರೇ. ವಂಶದಿಂದ ಬಂದ ಗಾದಿ ಬಿಟ್ಟು, ರಾಷ್ಟ್ರಪತಿಗಳು ನೇಮಿಸಿದ ಕುರ್ಚಿಯಲ್ಲಿ 1964ರವರೆಗೆ ಕೂತರು. ಆಮೇಲೆ ಎರಡು ವರ್ಷ ಮದ್ರಾಸಿನ ರಾಜ್ಯಪಾಲರು. ದೆಹಲಿಯ ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಫೆಲೋಶಿಪ್ ಕೊಟ್ಟು ಗೌರವಿಸಿತು.

ಅವರ ಗುರುಗಳಲ್ಲಿ ವೆಂಕಟಗಿರಿಯಪ್ಪನವರು 1952ರಲ್ಲೇ ಹೋಗಿದ್ದರು. ವಾಸುದೇವಾಚಾರ್ಯರು 1961ರ ತನಕ ಇದ್ದರು. ಜಯಚಾಮರಾಜರು ಅಷ್ಟು ಬಾಳಲಿಲ್ಲ. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಐವತ್ತೈದು ವರ್ಷ. ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರಿಗೆ ಆಗ ಇಪ್ಪತ್ತೊಂದು. ಅಪ್ಪನಿಗೆ ರಾಜ್ಯ ಸಿಕ್ಕಿದ್ದೂ ಅದೇ ವಯಸ್ಸಿಗೆ.

94 ಕೃತಿಗಳಲ್ಲಿ ಎಲ್ಲವೂ ಕಚೇರಿಗಳಲ್ಲಿ ಕೇಳಿಬರಲ್ಲ. ಅಠಾಣ ರಾಗದ ಮಹಾಗಣಪತಿ ಕೃತಿ ಮಾತ್ರ ಆಗಾಗ ಕಚೇರಿಯ ಮೊದಲಲ್ಲೇ ಬರುತ್ತೆ. ಹಾಡೋರು ಕೆಲವೊಮ್ಮೆ ಯಾರ ರಚನೆ ಅಂತ ಹೇಳ್ತಾರೆ, ಕೆಲವೊಮ್ಮೆ ಇಲ್ಲ. ಇನ್ನು ಮುಂದೆ ಗಣಪತಿ ಹಬ್ಬದಲ್ಲೋ, ಬೆಳಗಿನ ಆಕಾಶವಾಣಿಯಲ್ಲೋ, ಅಂಗಡಿಯ ಮೊಬೈಲ್‌ನಲ್ಲೋ ಅಂಥ ಸಂಸ್ಕೃತ ಕೃತಿ ಕೇಳಿದರೆ ಕೊನೆ ಚರಣದ ತನಕ ಕಾಯಿರಿ. ಶ್ರೀವಿದ್ಯಾ ಅನ್ನೋ ಮಾತು ಸಿಕ್ಕರೆ, ಅದು ಬಹುತೇಕ ತುಂಗಭದ್ರೆಯ ಈಚೆ ದಡದ ಆ ಕೊನೇ ಮಹಾರಾಜರದ್ದು.